ಸಕ್ಕರೆ ಪಾಕ, ಕಪ್ಪು ಮರಳು, ಕುಡಿಯುವ ನೀರು

ದೋರನಹಳ್ಳಿ, ಶಹಾಪುರ, ಸುರಪುರದ ಸೀಮೆಯಲ್ಲಿ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವುದು ದಿನನಿತ್ಯದ ಕೆಲಸ. ಕೃಷ್ಣೆ, ಭೀಮೆ ಎರಡೂ ಹರಿಯುವ ಜಿಲ್ಲೆಯಿದು. ಆದರೂ ಅನೇಕ ಬೋರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಸುರಪುರ ತಾಲ್ಲೂಕಿನ ಮಂಗಳೂರಿನ ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿ, ಕಿರದಳ್ಳಿ ತಾಂಡಾದಂಥ ಕಡೆ, ಆರ್ಸೆನಿಕ್ಕೂ ಸಿಕ್ಕಿದೆ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಅಲ್ಲಿನ ನೀರನ್ನೂ ಜನರ ಆರೋಗ್ಯವನ್ನೂ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಆರ್ಸೆನಿಕ್ ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕುದಿಸಿದರೂ ಹೋಗದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ.

ಹಾಗಾಗಿ ಗ್ರಾಫೀನ್ ಮತ್ತು ಅದರ ನಂಟಿನ ನ್ಯಾನೊ ವಸ್ತುಗಳ ಉದ್ಯಮವನ್ನು ನಾನು ನೀರಿನ ಕಡೆಯಿಂದಲೇ ನೋಡುತ್ತೇನೆ. ಪೆನ್ಸಿಲ್ಲಿನ ಗ್ರಾಫೈಟಿನಿಂದ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಇಂಗಾಲದ ಪದರ ಬಿಡಿಸಿದರೆ ಅದು ಗ್ರಾಫೀನ್. ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಅಂಟುಪಟ್ಟಿಯಿಂದಲೇ ಅದನ್ನು ಬಿಡಿಸಿ ತೋರಿಸಿ, 2010ರಲ್ಲಿ ನೊಬೆಲ್ ಪಡೆದರು. ಬ್ಯಾಟರಿ, ಬಣ್ಣ, ಕಾಂಕ್ರೀಟು ಎಂದು ಜಗತ್ತಿನ ಕಂಪನಿಗಳು ಅದರ ಹಿಂದೆ ಬಿದ್ದಿವೆ.

ನಮಗೆ ಹೆಚ್ಚು ಬೇಕಾದವರು ಟಿ. ಪ್ರದೀಪ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮುಗಿಸಿ ಐಐಟಿ ಮದ್ರಾಸ್ ಸೇರಿದವರು. ಅವರ ತಂಡ 2012ರಲ್ಲಿ ಪ್ರಕಟಿಸಿದ ವಿಧಾನ ಕೇಳಿದರೆ ಅಡುಗೆಮನೆ ನೆನಪಾಗುತ್ತದೆ: ಸಕ್ಕರೆ ನೀರನ್ನು ಮರಳಿಗೆ ಬೆರೆಸಿ ಒಣಗಿಸುವುದು, ಗಾಳಿಯ ಬದಲು ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ 750 ಡಿಗ್ರಿಯವರೆಗೆ ಕಾಯಿಸುವುದು. ಸಕ್ಕರೆ ಇಂಗಾಲವಾಗಿ ಮಾರ್ಪಟ್ಟು ಮರಳ ಕಣಗಳಿಗೆ ಗ್ರಾಫೀನಿನಂಥ ಕಪ್ಪು ಲೇಪ ಹತ್ತುತ್ತದೆ. ಈ ಮರಳು ಕ್ಲೋರ್‌ಪೈರಿಫಾಸ್ ಕೀಟನಾಶಕವನ್ನು ನೀರಿನಿಂದ ಹೀರಿಕೊಂಡಿತು. ಹತ್ತಿಗೂ ತೊಗರಿಗೂ ಔಷಧಿ ಹೊಡೆಯುವ ನಮ್ಮ ರೈತರಿಗೆ ಆ ಹೆಸರು ಹೊಸತಲ್ಲ.

ಪ್ರಯೋಗಾಲಯದಿಂದ ಪೇಟೆಗೆ ಬರುವ ದಾರಿಯನ್ನೂ ಅವರು ಕಂಡವರು. ಅವರ ನ್ಯಾನೊ ಬೆಳ್ಳಿಯ ಕೀಟನಾಶಕ ಸೋಸುಕ 2007ರಲ್ಲೇ ಯುರೇಕಾ ಫೋರ್ಬ್ಸ್ ಮೂಲಕ ಮಾರುಕಟ್ಟೆಗೆ ಬಂತು. ಆರ್ಸೆನಿಕ್‌ಗೆ ಅವರು ಮಾಡಿದ್ದು ‘ಅಮೃತ್’. ಇದರಲ್ಲಿ ಗ್ರಾಫೀನ್ ಇಲ್ಲ. ಸಿಗಡಿ, ಏಡಿಯ ಚಿಪ್ಪಿನಿಂದ ತೆಗೆದ ಕೈಟೋಸಾನಿನೊಳಗೆ ಕಬ್ಬಿಣದ ಸಂಯುಕ್ತದ ಅತಿಸಣ್ಣ ಕಣಗಳನ್ನು ಹಿಡಿದಿಟ್ಟ ಹರಳುಗಳಿವೆ. ಆರ್ಸೆನಿಕ್ ಅವಕ್ಕೆ ಅಂಟಿಕೊಳ್ಳುತ್ತದೆ. ಇದನ್ನು ತಯಾರಿಸಲು ದೊಡ್ಡ ಕುಲುಮೆ ಬೇಡ, ಸಾಧಾರಣ ಉಷ್ಣತೆಯ ನೀರಿನಲ್ಲೇ ಆಗುತ್ತದೆ. ಆರ್‌ಓ ಘಟಕದಂತೆ ಒಂದು ಪಾಲು ನೀರನ್ನು ಹೊರಚೆಲ್ಲುವುದೂ ಇಲ್ಲ. ಬರದ ನಾಡಿಗೆ ಇದೇ ದೊಡ್ಡ ಗುಣ ಎನ್ನುತ್ತೇನೆ. ಪ್ರದೀಪರಿಗೆ 2020ರಲ್ಲಿ ಪದ್ಮಶ್ರೀ ಸಂದಿತು.

ಹರಳುಗಳಲ್ಲಿ ಆರ್ಸೆನಿಕ್ ತುಂಬಿಕೊಂಡ ಮೇಲೆ ಅವನ್ನು ಬದಲಿಸಬೇಕು. ಆದ್ದರಿಂದ ಯಾವುದೇ ಕಂಪನಿ ಇಂಥ ಘಟಕ ಹಿಡಿದು ಪಂಚಾಯಿತಿಗೆ ಬಂದರೆ ಯಂತ್ರದ ಬೆಲೆಯ ಜೊತೆಗೆ ಇನ್ನೆರಡು ಮಾತು ಕರಾರಿನಲ್ಲಿ ಬರೆಸಿಕೊಳ್ಳಬೇಕು: ಹಳೆಯ ಹರಳನ್ನು ಯಾರು ಒಯ್ದು ಎಲ್ಲಿ ವಿಲೇವಾರಿ ಮಾಡುತ್ತಾರೆ, ಸೋಸಿದ ನೀರನ್ನು ವರ್ಷಕ್ಕೆ ಎಷ್ಟು ಸಲ ಪರೀಕ್ಷೆಗೆ ಕಳಿಸಿ ವರದಿಯನ್ನು ಊರಿನ ಮುಂದೆ ಇಡುತ್ತಾರೆ.