ಜ್ವರದ ಹೆಸರು ಹೊತ್ತ ಹಕ್ಕಿ

ಬೇಸಗೆಯ ಬೆಳುದಿಂಗಳ ಇರುಳಿನಲ್ಲಿ ತೋಪಿನ ಕಡೆಯಿಂದ ಮೂರು ಸ್ವರಗಳ ಕೂಗೊಂದು ಕೇಳಿಬರುವುದುಂಟು. ಐದಾರು ಬಾರಿ ಮರುಕೊಳಿಸುತ್ತ, ಸ್ವರವನ್ನು ಏರಿಸುತ್ತ ಹೋಗಿ, ತುತ್ತತುದಿಯಲ್ಲಿ ಅದು ತಟ್ಟನೆ ನಿಲ್ಲುತ್ತದೆ. ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹೀಗೆ ನಿದ್ದೆಗೆಡಿಸುವ ಹಕ್ಕಿ ಕೋಗಿಲೆಯ ಬಳಗದ್ದು, ರೂಪದಲ್ಲಿ ಮಾತ್ರ ಗಿಡುಗನಂಥದು. ಶಾಸ್ತ್ರಜ್ಞರು ಇದನ್ನು ‘ಹಿಯರೋಕಾಕ್ಸಿಕ್ಸ್ ವೇರಿಯಸ್’ ಎನ್ನುತ್ತಾರೆ. ಇದರ ಮೊದಲ ಪದದಲ್ಲಿ ಗಿಡುಗ, ಕೋಗಿಲೆ ಎಂಬ ಎರಡು ಗ್ರೀಕ್ ಶಬ್ದಗಳು ಕೂಡಿವೆ. ಆದರೆ ಭಾರತದಲ್ಲಿ ನೆಲಸಿದ್ದ ಆಂಗ್ಲರು ಇದಕ್ಕೆ ವಿನೋದದ ಅಡ್ಡಹೆಸರೊಂದನ್ನಿಟ್ಟರು: ‘ಬ್ರೇನ್‌ಫೀವರ್ ಬರ್ಡ್’, ಎಂದರೆ ಮಿದುಳುಜ್ವರದ ಹಕ್ಕಿ.

ಈ ಹೆಸರು ಬಂದದ್ದು ಹೇಗೆ? ಮೊದಲನೆಯದಾಗಿ ಇದು ಅನುಕರಣ ಶಬ್ದ. ‘ಬ್ರೇನ್-ಫೀವರ್’ ಎಂಬ ಪದದ ಮೂರು ಉಚ್ಚಾರಾಂಶಗಳು ಕೂಗಿನ ಮೂರು ಸ್ವರಗಳಿಗೆ ಸರಿಯಾಗಿ ಹೊಂದುತ್ತವೆ. ಆದರೂ ಅದೇ ಪದವೇಕೆ? ಹತ್ತೊಂಬತ್ತನೆಯ ಶತಮಾನದ ಆಂಗ್ಲರಲ್ಲಿ ‘ಬ್ರೇನ್ ಫೀವರ್’ ಮನೆಮಾತಾಗಿತ್ತು. ಬಿಸಿಲಿನ ತಾಪದಿಂದಲೂ ಮನಸ್ಸಿನ ಆಘಾತದಿಂದಲೂ ತಲೆಗೇರುವ ಜ್ವರವೆಂದು ಅವರು ಅದನ್ನು ನಂಬಿದ್ದರು. ಬೇಸಗೆಯ ಧಗೆಯಲ್ಲಿ ಹೊರಳಾಡುತ್ತಿದ್ದ ಪರದೇಶಿಗೆ, ಏರುತ್ತಲೇ ಹೋಗುವ ಆ ಕೂಗು ಏರುವ ಜ್ವರದಂತೆಯೇ ತೋರಿರಬೇಕು. ನಗೆಯ ಹಿಂದೆ ಅಂಜಿಕೆಯೂ ಇದ್ದಿತೆಂದು ನಾವು ಊಹಿಸಬಹುದು.

ಅದೇ ಕೂಗನ್ನು ನಮ್ಮ ದೇಶದ ಕಿವಿಗಳು ಬೇರೆ ಬಗೆಯಲ್ಲಿ ಕೇಳಿವೆ. ಹಿಂದಿಯವರಿಗೆ ಅದು ‘ಪೀ ಕಹಾಂ’, ನಲ್ಲನೆಲ್ಲಿ ಎಂಬ ವಿರಹದ ಪ್ರಶ್ನೆ. ಬಂಗಾಳಿಗಳಿಗೆ ‘ಚೋಖ್ ಗೇಲೋ’, ಕಣ್ಣು ಹೋಯಿತೆಂಬ ಗೋಳು. ಮಳೆಗಾಗಿ ಕಾದಿರುವ ಮರಾಠಿ ರೈತನಿಗೆ ‘ಪೇರ್ತೆ ವ್ಹಾ’, ಬಿತ್ತನೆಗೆ ತೊಡಗಿರೆಂಬ ಕರೆ. ಹಕ್ಕಿಗಾದರೋ ಇದಾವುದರ ಅರಿವೂ ಇಲ್ಲ. ಅದು ಸಂತಾನಕಾಲದ ಗಂಡುಹಕ್ಕಿಯ ಕೂಗು. ಹೆಣ್ಣು ತನ್ನ ನೀಲಿ ಮೊಟ್ಟೆಯನ್ನು ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿಟ್ಟು ಹೋಗುತ್ತದೆ.

ಹೆಸರನ್ನು ಕೇಳಿ ಯಾರೂ ಈ ಹಕ್ಕಿಗೆ ಅಂಜಬೇಕಾಗಿಲ್ಲ. ಇಂದು ನಾವು ಮಿದುಳುಜ್ವರವೆನ್ನುವ ಜಪಾನೀ ಎನ್ಸೆಫಲೈಟಿಸ್ ಕ್ಯೂಲೆಕ್ಸ್ ಸೊಳ್ಳೆಗಳಿಂದ ಹರಡುವ ವೈರಸ್ ರೋಗ. ಆ ವೈರಸ್ಸಿಗೆ ಆಶ್ರಯ ಕೊಡುವವು ಹಂದಿಗಳು, ಕೊಕ್ಕರೆಯ ಜಾತಿಯ ನೀರುಹಕ್ಕಿಗಳು. ನಮ್ಮ ಗಾಯಕನ ಆಹಾರವೋ, ಬಹುಮಟ್ಟಿಗೆ ಕಂಬಳಿಹುಳುಗಳು.

ಆಂಗ್ಲರ ಆ ಹಳೆಯ ‘ಬ್ರೇನ್ ಫೀವರ್’ ವೈದ್ಯರ ರೋಗಪಟ್ಟಿಯಿಂದ ಎಂದೋ ಮರೆಯಾಯಿತು. ಹಕ್ಕಿಯ ಹೆಸರಿನಲ್ಲಿ ಮಾತ್ರ ಅದಿನ್ನೂ ಉಳಿದಿದೆ. ಮುಂದಿನ ಬೇಸಗೆಯಲ್ಲಿ ಆ ಕೂಗನ್ನು ಕೇಳಿದಾಗ, ನಮ್ಮ ಕಿವಿಗೆ ಅದು ಏನೆನ್ನುವುದೋ ನೋಡೋಣ.