ತಿಳಿನೀರೆಲ್ಲ ಬರಿಯ ನೀರಲ್ಲ

ರೋಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ನಿಂತಿತ್ತು. ಖಾಲಿ ಕ್ಯಾನ್ ಹಿಡಿದು ಮನೆ ಕಡೆ ಹೊರಟ ಅಕ್ಕ ಒಬ್ಬರು, "ಇರ್ಲಿ ಬಿಡ್ರಿ, ಬೋರಿನ ನೀರ ಕುದಿಸಿ ಆರಿಸಿ ಕುಡದ್ರಾತು, ಎಲ್ಲಾ ಹೊಕ್ಕೈತಿ" ಅಂದರು. ಆ "ಎಲ್ಲಾ" ಎಂಬ ಮಾತು ಅವತ್ತಿನಿಂದ ನನ್ನನ್ನು ಕಾಡುತ್ತಿದೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಚೆನ್ನಾಗಿ ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಅಷ್ಟರ ಮಟ್ಟಿಗೆ ಕುದಿಸುವುದು ಒಳ್ಳೆಯದೇ. ಆದರೆ ಗದಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ನೆಲದಡಿಯ ಬಂಡೆಗಳ ಖನಿಜದಿಂದ ನೀರಿಗೆ ಇಳಿದದ್ದು ಅದು. ಬಣ್ಣವಿಲ್ಲ, ವಾಸನೆಯಿಲ್ಲ, ಗಾಜಿನ ಲೋಟದಲ್ಲಿ ಹಿಡಿದು ನೋಡಿದರೂ ಕಾಣುವುದಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ, ದೊಡ್ಡವರ ಕೀಲುಗಳಲ್ಲಿ ಬಿಗಿತವಾಗಿ ವರ್ಷಗಟ್ಟಲೆ ತಡೆದು ತೋರಿಕೊಳ್ಳುತ್ತದೆ. ಕುದಿಯುವಾಗ ಆವಿಯಾಗಿ ಹೋಗುವುದು ನೀರು, ಫ್ಲೋರೈಡ್ ಅಲ್ಲ. ಲೀಟರಿಗೆ 1.6 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರನ್ನು ಒಲೆಗೆ ಏರಿಸಿದಿರಿ ಎನ್ನಿ. ಕುದ್ದು ಕುದ್ದು 8 ಲೀಟರ್ ಉಳಿಯಿತು. ಒಟ್ಟು 16 ಮಿಲಿಗ್ರಾಂ ಫ್ಲೋರೈಡ್ ಈಗ ಅಷ್ಟೇ ನೀರಿನಲ್ಲಿದೆ, ಅಂದರೆ ಲೀಟರಿಗೆ 2 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆಯೂ 1.5ನ್ನು ಮೀರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ.

ಈ ನಂಬಿಕೆ ಹುಟ್ಟಿದ್ದು ದಡ್ಡತನದಿಂದ ಅಲ್ಲ. ಗಡಸು ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದನ್ನು ದಿನವೂ ತಿಕ್ಕುವ ಹೆಂಗಸರು "ನೀರಿನ ಹೊಲಸು ತಳಕ್ಕೆ ಕೂತಿತು" ಎಂದುಕೊಳ್ಳುವುದು ಸಹಜ. ಕೂತದ್ದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾವಿಗೆ ಒಡೆದು ಹುಟ್ಟಿದ ಹೊಸ ಪದಾರ್ಥ. ಒಂದು ಪದಾರ್ಥ ತಳ ಸೇರಿತೆಂದು ಉಳಿದವೂ ಸೇರಿದವು ಎನ್ನುವಂತಿಲ್ಲ. ರೊಟ್ಟಿಗೆ ಎಸರಿಟ್ಟಾಗ ಏಳುವ ಗುಳ್ಳೆಗಳೆಲ್ಲ ಗಾಳಿಯೇ ಎಂಬ ತಪ್ಪು ತಿಳಿವಳಿಕೆಯೂ ಹೀಗೇ ಇದೆ. ಮೊದಲು ಅಂಚಿನಲ್ಲಿ ಮೂಡುವ ಸಣ್ಣ ಗುಳ್ಳೆ ನೀರೊಳಗಿನ ಗಾಳಿ, ಸರಿ. ಆಮೇಲೆ ಕೊತಕೊತ ಏಳುವ ದೊಡ್ಡ ಗುಳ್ಳೆಯಲ್ಲಿರುವುದು ನೀರೇ, ಆವಿಯ ರೂಪದಲ್ಲಿ.

ಕರಗುವುದೆಂದರೆ ಇಲ್ಲವಾಗುವುದು ಎಂಬ ಭಾವನೆಗೆ ನರಗುಂದದ ಕಡೆ ಹೊಲಗಳೇ ಉತ್ತರ ಹೇಳುತ್ತವೆ. ಮಲಪ್ರಭೆಯ ಕಾಲುವೆ ನೀರು ಬಂದ ಮೇಲೆ ಎರೆ ಹೊಲಗಳು ಅಲ್ಲಲ್ಲಿ ಸವಳು ಹಿಡಿದವು. ಬೇಸಿಗೆಯಲ್ಲಿ ನೋಡಿದರೆ ಕಪ್ಪು ನೆಲದ ಮೇಲೆ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ. ಉಪ್ಪನ್ನೆಲ್ಲ ಕಾಲುವೆಯೇ ಹೊತ್ತು ತಂದಿತು ಎಂದು ಕೆಲವರು ನಂಬಿದ್ದಾರೆ. ಹೆಚ್ಚಿನ ಪಾಲು ಮೊದಲೇ ಮಣ್ಣಿನಾಳದಲ್ಲಿ ಇದ್ದದ್ದು. ನೀರು ಹೆಚ್ಚಾಗಿ, ಬಸಿದು ಹೋಗಲು ದಾರಿಯಿಲ್ಲದೆ ಅಂತರ್ಜಲ ಮೇಲೇರಿತು. ಅದರಲ್ಲಿ ಕರಗಿದ ಉಪ್ಪೂ ಜೊತೆಗೆ ಬಂತು. ಬಿಸಿಲಿಗೆ ನೀರು ಆರಿತು, ಉಪ್ಪು ಉಳಿಯಿತು. ಮೇಲಿನ ಬಿಳಿ ಪದರ ಕೆರೆದು ತೆಗೆದರೆ ಮುಂದಿನ ಬೇಸಿಗೆಗೆ ಮತ್ತೆ ಹಾಜರು. ಬಸಿಗಾಲುವೆ ತೆಗೆಯದೆ ಬರೀ ನೀರು ಹಾಯಿಸಿದರೆ ತೊಂದರೆ ಹೆಚ್ಚುತ್ತದೆ.

ಸವಳಿನ ಕತೆಯಲ್ಲಿ ಇಲ್ಲಿಯವರೆಗಿನದು ಭೌತಿಕ ಬದಲಾವಣೆ, ಹೊಸ ಪದಾರ್ಥ ಹುಟ್ಟಿಲ್ಲ. ಆದರೆ ಮಣ್ಣಿನ ಕಣಕ್ಕೆ ಸೋಡಿಯಂ ಅಂಟಿಕೊಂಡಿದ್ದರೆ ತೊಳೆದು ಪ್ರಯೋಜನವಿಲ್ಲ, ಜಿಪ್ಸಂ ಬೇಕು. ಜಿಪ್ಸಂ ಉಪ್ಪನ್ನು ತಿಂದುಹಾಕುತ್ತದೆ ಎಂದುಕೊಂಡವರಿದ್ದಾರೆ. ಅದರ ಕ್ಯಾಲ್ಸಿಯಂ, ಸೋಡಿಯಂ ಅನ್ನು ಎಬ್ಬಿಸಿ ತಾನು ಆ ಜಾಗದಲ್ಲಿ ಕೂರುತ್ತದೆ, ಅಷ್ಟೆ. ಎದ್ದ ಸೋಡಿಯಂ ಅನ್ನು ಹೊಲದಾಚೆ ಕಳಿಸಲು ಮತ್ತೆ ಬಸಿಗಾಲುವೆಯೇ ಗತಿ.

ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು ಹೀಗೆ: ಹಿಂದಿರುಗುವುದು ಭೌತಿಕ ಬದಲಾವಣೆ, ಹಿಂದಿರುಗದ್ದು ರಾಸಾಯನಿಕ. ಪರೀಕ್ಷೆಗೆ ಸಾಕಾಯಿತು, ನಿಜಕ್ಕೆ ಸಾಲದು. ಗಿರಣಿಯಲ್ಲಿ ಬೀಸಿದ ಜೋಳ ತಿರುಗಿ ಕಾಳಾಗುವುದಿಲ್ಲ. ಆದರೂ ಹಿಟ್ಟಿನಲ್ಲಿರುವುದು ಕಾಳಿನಲ್ಲಿದ್ದ ಪದಾರ್ಥಗಳೇ, ಹೊಸದೇನೂ ಹುಟ್ಟಲಿಲ್ಲ. ಸುಣ್ಣದ ಕತೆ ಇದಕ್ಕೆ ತಿರುವುಮುರುವು. 100 ಕಿಲೋ ಶುದ್ಧ ಸುಣ್ಣದಕಲ್ಲನ್ನು ಭಟ್ಟಿಯಲ್ಲಿ ಪೂರ್ತಿ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಸಿಗುತ್ತದೆ. ಉಳಿದ 44 ಕಿಲೋ ಸುಟ್ಟು ನಾಶವಾಗಲಿಲ್ಲ, ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರಿತು. ನೀರು ಹಾಕಿದಾಗ ಸುಣ್ಣ ಭುಸುಗುಟ್ಟಿ ಅರಳುತ್ತದೆ, ಬೆಂಕಿಯಿಲ್ಲದೆಯೇ ಕುದಿಯುತ್ತದೆ. ಗಜೇಂದ್ರಗಡದ ಹಳೆಯ ಮನೆಯ ಗೋಡೆಗೆ ಅದನ್ನು ಬಳಿದಾಗ "ಸುಣ್ಣ ಒಣಗಿತು" ಅನ್ನುತ್ತೇವೆ. ಒಣಗುವುದರ ಜೊತೆಗೆ ಅದು ಗಾಳಿಯಿಂದ ಆ ಡೈಆಕ್ಸೈಡನ್ನು ನಿಧಾನವಾಗಿ ಮರಳಿ ಪಡೆಯುತ್ತ ಹೋಗುತ್ತದೆ. ಹೆಜ್ಜೆ ಹೆಜ್ಜೆಗೂ ಹೊಸ ಪದಾರ್ಥ, ಎಲ್ಲವೂ ರಾಸಾಯನಿಕ ಬದಲಾವಣೆ, ಕೊನೆಗೆ ಹೊರಟಲ್ಲಿಗೇ ಬಂದು ಮುಟ್ಟುತ್ತದೆ.

ಹಬ್ಬಕ್ಕೆ ಬಳಿದು ಉಳಿದ ಸುಣ್ಣದ ಬಕೆಟ್ಟನ್ನು ಒಂದು ರಾತ್ರಿ ಮುಚ್ಚದೆ ಇಡಿ, ಮಕ್ಕಳ ಕೈಗೆ ಸಿಗದ ಹಾಗೆ. ಬೆಳಿಗ್ಗೆ ತಿಳಿಯ ಮೇಲೆ ಹಾಲಿನ ಕೆನೆಯಂಥ ತೆಳು ಪದರ ಇರುತ್ತದೆ. ಕಡ್ಡಿ ತಾಗಿಸಿದರೆ ಅದು ಕೆನೆಯಂತೆ ಸುಕ್ಕುಗಟ್ಟುವುದಿಲ್ಲ, ಚೂರುಚೂರಾಗಿ ಒಡೆಯುತ್ತದೆ. ಒಡೆದದ್ದು ಕಲ್ಲು, ಕುದಿಸಿದ ಪಾತ್ರೆಯ ತಳದಲ್ಲಿ ಆ ಅಕ್ಕ ದಿನವೂ ತಿಕ್ಕುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್.