ಬಲೆಗೆ ಬಿದ್ದ ಆಮೆ ಮೀನಲ್ಲ

ಕೃಷ್ಣಾ ನದಿ ತೆಲಂಗಾಣಕ್ಕೆ ಕಾಲಿಡುವುದು ನಾರಾಯಣಪೇಟೆ ಜಿಲ್ಲೆಯಲ್ಲಿ. ಭೀಮೆಯನ್ನು ಕೂಡಿಕೊಂಡು, ಮಕ್ತಲ್ ಸೀಮೆಯ ಅಂಚು ಸವರಿ, ಕುರವಪುರದ ನಡುಗಡ್ಡೆಯನ್ನು ಬಳಸಿ ಗದ್ವಾಲ ಹತ್ತಿರದ ಜುರಾಲ ಜಲಾಶಯಕ್ಕೆ ಬಂದು ನಿಲ್ಲುತ್ತದೆ. ಈ ದಂಡೆಯಲ್ಲಿ ಕನ್ನಡ ಮನೆಮಾತಾಗಿರುವ ಊರುಗಳು ಸಾಕಷ್ಟಿವೆ. ಆಮೆಯ ಮಾತು ಎತ್ತಿ ನೋಡಿ, ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಬಲಿಗೆ ಬಿದ್ದದ್ದು ನಮ್ದು. ಮೀನಾದ್ರೇನು, ಆಮಿ ಆದ್ರೇನು?"

ವ್ಯತ್ಯಾಸ ದೊಡ್ಡದೇ ಇದೆ. ಮೀನು ಹಿಡಿಯುವುದು ಕಸುಬು, ಆಮೆ ಹಿಡಿಯುವುದು ಬೇಟೆ. ಕೆರೆ, ಕಾಲುವೆ, ಗದ್ದೆಯ ಕೆಸರಿನಲ್ಲಿ ಸಿಗುವ ಮೆತ್ತನೆ ಚಿಪ್ಪಿನ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲಿ. ಕೊಂದರೂ ಮಾರಿದರೂ ಮೂರರಿಂದ ಏಳು ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ.

"ಈ ವರ್ಷ ತಿಂದ್ರೇನಾತು, ಹೊಳಿ ಬಂದ್ರ ಮತ್ತ ಬರ್ತಾವ" ಎನ್ನುವುದು ಇನ್ನೊಂದು ಮಾತು. ನನಗೆ ಎಲ್ಲಕ್ಕಿಂತ ಅಪಾಯಕಾರಿ ಅನಿಸುವುದು ಇದೇ, ಏಕೆಂದರೆ ಮೀನಿನ ಮಟ್ಟಿಗೆ ಇದು ಅರ್ಧ ನಿಜ. ರೋಹು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಈ ಆಮೆ ಒಂದು ಸಲಕ್ಕೆ ಇಡುವುದು ಎರಡರಿಂದ ಹದಿನಾಲ್ಕು, ಅದೂ ನೀರಿನಲ್ಲಲ್ಲ, ದಂಡೆಯ ಮಣ್ಣು ತೋಡಿ. ನಾಯಿ, ನರಿ, ಉಡದ ಬಾಯಿಗೆ ಬೀಳದೆ ಉಳಿದ ಮೊಟ್ಟೆ ಒಡೆದು ಹೊರಬಂದ ಮರಿಗೆ ಕೊಕ್ಕರೆಯ ಕಾಟ. ಹಾಗಾಗಿ ಬೆಳೆದ ಒಂದು ಹೆಣ್ಣಾಮೆ ಸಾರಿನ ಪಾತ್ರೆಗೆ ಹೋದರೆ ಅದರ ಜಾಗ ತುಂಬಲು ಒಂದು ಮಳೆಗಾಲ ಎಲ್ಲಿ ಸಾಕು? ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಇದು ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ. ಬೇಟೆಯವರಿಗೆ ಅದೇ ಸುಗ್ಗಿ. ನೆಲಕ್ಕೆ ಕೋಲು ಚುಚ್ಚುತ್ತ ಹೋದರೆ ಸಾಕು, ಬಲೆಯೂ ಬೇಡ.

ಹೊಳೆಯ ಆಳದಲ್ಲಿ ಇದಕ್ಕಿಂತ ದೊಡ್ಡ ಬಂಧುವೊಂದಿದೆ, ಲೀತನ ಆಮೆ. ಪರ್ಯಾಯದ್ವೀಪ ಭಾರತದ ನದಿಗಳು ಬಿಟ್ಟರೆ ಅದಕ್ಕೆ ಬೇರೆ ನೆಲೆ ಇಲ್ಲವೆಂದೇ ಹೇಳಬಹುದು. ಅಳಿವಿನ ಅಂಚಿಗೆ ಬಂದಿರುವ ಅದನ್ನು 2022ರಲ್ಲಿ ಪನಾಮಾದಲ್ಲಿ ನಡೆದ ಸೈಟೀಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಒಪ್ಪಂದ) ಸಭೆ, ಭಾರತದ ಕೋರಿಕೆಯ ಮೇಲೆ, ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಗೆ ಸೇರಿಸಿತು.

ಮೂಲವ್ಯಾಧಿಗೆ ಆಮೆ ಮಾಂಸ, ದಮ್ಮಿಗೆ ಆಮೆ ರಕ್ತ ಎಂಬ ನಂಬಿಕೆಗೆ ಹೆಚ್ಚು ಮಾತು ಬೇಡ. ಹಾಗೆ ವಾಸಿಯಾಗುತ್ತದೆಂಬುದಕ್ಕೆ ಪುರಾವೆಯಿಲ್ಲ. ಆಮೆಯ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಮಾತ್ರ ಸಾಮಾನ್ಯ. ಹಸಿ ರಕ್ತ ಕುಡಿದವರಿಗೆ ವಾಂತಿ-ಭೇದಿ ಉಚಿತ.

"ಅದು ನಮ್ಮ ಮೀನೆಲ್ಲ ತಿಂದುಹಾಕ್ತದ" ಎನ್ನುವವರಿಗೂ ಅಷ್ಟೆ. ಸಣ್ಣ ಮೀನನ್ನು ತಿನ್ನುವುದಿಲ್ಲ ಎಂದಲ್ಲ. ಆದರೆ ಬಸವನಹುಳು, ಕಪ್ಪೆ, ಹುಳು, ನೀರಕಳೆಯ ಜೊತೆಗೆ ಸತ್ತು ತೇಲುವುದೂ ಅದಕ್ಕೆ ಊಟ. ಹೊಳೆಗೆ ಸಂಬಳವಿಲ್ಲದ ಝಾಡಮಾಲಿ ಅದು.

ಸಾರಿಗಾಗಿ ಒಂದೆರಡು ಹಿಡಿದರೆ ಏನು ಮಹಾ ಎನ್ನಬಹುದು. 2016ರ ಡಿಸೆಂಬರಿನಿಂದ 2017ರ ಜನವರಿವರೆಗೆ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಆಮೆ ಕಳ್ಳಸಾಗಣೆಯ ವಿರುದ್ಧ 'ಸೇವ್ ಕೂರ್ಮ' ಕಾರ್ಯಾಚರಣೆ ನಡೆಸಿದಾಗ ದೇಶದಲ್ಲಿ ಜೀವಂತ ಸಿಕ್ಕಿದ ಆಮೆಗಳು 15,739. ಇಷ್ಟು ಆಮೆ ಒಂದೇ ಕಡೆ ಹುಟ್ಟಿದ್ದಲ್ಲ. ಗೋಣಿಚೀಲ ತುಂಬುವುದು ಒಂದೆರಡರಿಂದಲೇ.

ಪುಣ್ಯದ ಲೆಕ್ಕದವರದು ಬೇರೆ ತಪ್ಪು. ಕೂರ್ಮಾವತಾರವೆಂದು ಕೈಮುಗಿದು ಆಮೆಯನ್ನು ಗುಡಿಯ ಬಾವಿಗೆ ಬಿಡುತ್ತಾರೆ. ಬಾವಿಗೆ ದಂಡೆಯಿಲ್ಲ, ಬಿಸಿಲು ಕಾಯಲು, ಮೊಟ್ಟೆಯಿಡಲು ಅದು ಎಲ್ಲಿಗೆ ಹೋಗಬೇಕು?

ಬಲೆಯಲ್ಲಿ ಸಿಕ್ಕರೆ ಹೀಗೆ. ಹೆದರಿದ ಆಮೆ ತಲೆಯನ್ನೂ ಕಾಲನ್ನೂ ಒಳಗೆಳೆದುಕೊಳ್ಳುತ್ತದೆ. ಹಿಂಗಾಲಿನ ಮೇಲೆ ಎರಡು ತೊಗಲಿನ ಮುಚ್ಚಳ ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ. ಎಳೆಯಬೇಡಿ, ದಾರ ಕತ್ತರಿಸಿ. ಕತ್ತು ಉದ್ದ, ಕಚ್ಚೀತು. ಹಿಂಭಾಗದಿಂದ ಎರಡೂ ಕೈಯಲ್ಲಿ ಹಿಡಿದು, ಪುಟ್ಟಿಯ (ಹರಿಗೋಲಿನ) ಅಂಚಿನಿಂದ ಎಸೆಯದೆ, ಸಿಕ್ಕ ಜಾಗದಲ್ಲೇ ನೀರಿಗಿಳಿಸಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳಿ. ಅವರು ಬರುವವರೆಗೆ ಒದ್ದೆ ಗೋಣಿ ಹೊದಿಸಿ ನೆರಳಲ್ಲಿಡಿ.